ಒಂದು ದೋಣಿ, ಮೂರು ಕನ್ನಡ

ಜರ್ಮನಿಯ ಟ್ಯೂಬಿಂಗನ್ ಎನ್ನುವ ಊರಿನ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ಅಜ್ಜನ ಬಾಯಿಂದ. ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ, ಗೋಡೆಯ ಗೂಡಿನೊಳಗೆ ಒಂದು ದಪ್ಪ ಪುಸ್ತಕ ಇರುತ್ತಿತ್ತು. ಜರ್ಮನ್ ಪಾದ್ರಿ ಕಿಟೆಲ್ ಮಾಡಿದ ಕನ್ನಡ-ಇಂಗ್ಲಿಷ್ ಕೋಶದ ಮರುಮುದ್ರಣ. ಕನ್ನಡ ಸಾಲಿ ಮಾಸ್ತರರಾಗಿದ್ದ ಅಜ್ಜ ಅದನ್ನು ತೆಗೆಯುವಾಗ ಎರಡೂ ಕೈ ಹಚ್ಚುತ್ತಿದ್ದರು. ಚಾಪೆ ಹಾಸಿ, ಮುಂದೊಂದು ಮಣೆ ಇಟ್ಟು, ಅದರ ಮೇಲೆ ಬಿಡಿಸುತ್ತಿದ್ದರು. ಯಾವ ಶಬ್ದ ಕೇಳಿದರೂ ಸೀದಾ ಅರ್ಥ ಹೇಳಿದವರಲ್ಲ. "ತಡಿ, ಕಿಟೆಲ್ ಸಾಹೇಬ್ರನ್ನ ಕೇಳೂಣು" ಅನ್ನುವರು. ಸಾಹೇಬರು ಎಲ್ಲಿದ್ದಾರೆ ಅಂತ ಒಮ್ಮೆ ಕೇಳಿದ್ದಕ್ಕೆ, "ಟ್ಯೂಬಿಂಗನ್‌ದಾಗ ತೀರಿಕೊಂಡ್ರವಾ, ನೂರು ವರ್ಷದ ಹತ್ರ ಆತು" ಅಂದಿದ್ದರು.

ಆ ಕೋಶದಲ್ಲಿ ಕೆಲವು ಶಬ್ದಗಳ ಪಕ್ಕ ಒಂದು ಸಣ್ಣ ಗುರುತು ಇರುತ್ತದೆ. ಇದು ಮೈಸೂರು ಸೀಮೆಯ ಮಾತು, ಇದು ದಕ್ಷಿಣ ಮರಾಠಾ ಸೀಮೆಯ ಮಾತು ಅಂತ. ಆ ಕಾಲದಲ್ಲಿ ದಕ್ಷಿಣ ಮರಾಠಾ ಸೀಮೆ ಅಂದರೆ ನಮ್ಮ ಧಾರವಾಡ, ಬೆಳಗಾವಿ ಭಾಗ. ಆ ಗುರುತು ಸಿಕ್ಕಾಗಲೆಲ್ಲ ಅಜ್ಜ ಅದರ ಮೇಲೆ ಬೆರಳಿಟ್ಟು, "ಇದು ನಮ್ಮ ಮಾತು ನೋಡು" ಅನ್ನುತ್ತಿದ್ದರು. ಮನೆಯವರ ಹೆಸರು ಪೇಪರಿನಲ್ಲಿ ಬಂದಷ್ಟು ಹಿಗ್ಗು ಅವರಿಗೆ.

ಕಳೆದ ಜುಲೈ ತಿಂಗಳ ಒಂದು ಶನಿವಾರ ಅದೇ ಊರಿನ ಸೇತುವೆಯ ಮೇಲೆ ನಿಂತಿದ್ದೆ. ಸ್ಟುಟ್‌ಗಾರ್ಟಿನಿಂದ ರೈಲಿನಲ್ಲಿ ಒಂದು ತಾಸಿನ ದಾರಿ. ಇಷ್ಟು ಹತ್ತಿರ ಇದ್ದುಕೊಂಡು ಐದು ವರ್ಷ ಹೋಗದೆ ಇದ್ದದ್ದಕ್ಕೆ ನನ್ನಲ್ಲಿ ಸರಿಯಾದ ಕಾರಣ ಇಲ್ಲ. ಕೊನೆಗೆ ಹೊರಡಿಸಿದವಳು ಮಂಗಳೂರಿನ ಗೆಳತಿ. ಜೊತೆಗೆ ಮೈಸೂರಿನ ಗೆಳೆಯ, ಅವನ ಏಳು ವರ್ಷದ ಮಗಳು. ಅವಳಮ್ಮ ಊರಿಗೆ ಹೋಗಿದ್ದರಿಂದ ಅಪ್ಪ ಮಗಳು ಇಬ್ಬರೇ ಇದ್ದರು. ಹುಡುಗಿಯನ್ನು ಎಲ್ಲರೂ ಕರೆಯುವುದು ಪುಟ್ಟಿ ಅಂತ. ಇಲ್ಲೇ ಹುಟ್ಟಿದವಳು. ಅಪ್ಪ ಕನ್ನಡದಲ್ಲಿ ಕೇಳುತ್ತಾನೆ, ಅವಳು ಜರ್ಮನ್‌ನಲ್ಲಿ ಉತ್ತರ ಕೊಡುತ್ತಾಳೆ. ಕನ್ನಡ ಅರ್ಥವಾಗುವುದಿಲ್ಲ ಅಂತಲ್ಲ, ಒಂದೊಂದು ಮಾತೂ ಅರ್ಥವಾಗುತ್ತದೆ. ನಾಲಿಗೆಗೆ ಮಾತ್ರ ಬರುವುದಿಲ್ಲ. ಅದರ ಬಗ್ಗೆ ಅವನು ಎಂದೂ ಗೊಣಗಿದ್ದಿಲ್ಲ. ಆದರೆ ಊರಿನಿಂದ ಅವನ ಅಮ್ಮ ವಿಡಿಯೋ ಕಾಲ್ ಮಾಡಿದಾಗ ಮಗಳ ಮಾತನ್ನೆಲ್ಲ ಅವನೇ ಕನ್ನಡ ಮಾಡಿ ಹೇಳುವುದನ್ನು ನಾನು ನೋಡಿದ್ದೇನೆ.

ಹತ್ತು ಗಂಟೆಗೇ ಬಿಸಿಲು ಚುರುಗುಟ್ಟುತ್ತಿತ್ತು. ಇಲ್ಲಿಯ ಮನೆಗಳು ಚಳಿಗೆಂದು ಕಟ್ಟಿದವು. ಫ್ಯಾನಿಲ್ಲ, ಗೋಡೆ ದಪ್ಪ, ಒಳಗೆ ಹೊಕ್ಕ ಸೆಕೆ ಹೊರಗೆ ಹೋಗುವುದಿಲ್ಲ. ಹಾಗಾಗಿ ಬೇಸಿಗೆ ಬಂದರೆ ಊರಿಗೆ ಊರೇ ನೀರಿನ ಅಂಚಿಗೆ ಬಂದು ಕೂರುತ್ತದೆ. ಸೇತುವೆಯ ಕಟಕಟೆಗೆ ಹೂವಿನ ಕುಂಡ ಸಾಲಾಗಿ ಕಟ್ಟಿದ್ದರು. ಕೆಳಗೆ ನೆಕ್ಕರ್ ನದಿ, ದಡಕ್ಕೆ ಒತ್ತಿ ನಿಂತ ಹಳದಿ, ಗುಲಾಬಿ, ಹಸಿರು ಬಣ್ಣದ ಮನೆಗಳು, ನದಿಯುದ್ದ ಕಲ್ಲಿನ ಗೋಡೆ. ಆ ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕೂತ ಹುಡುಗ ಹುಡುಗಿಯರು. ಸ್ಟುಟ್‌ಗಾರ್ಟ್ ಎರಡನೆಯ ಮಹಾಯುದ್ಧದ ಬಾಂಬುಗಳಿಗೆ ಸಿಕ್ಕಿ ಮತ್ತೆ ಎದ್ದ ಊರು. ಟ್ಯೂಬಿಂಗನ್ನಿನ ಹಳೇ ಪೇಟೆ ಹೆಚ್ಚುಕಡಿಮೆ ಹಾಗೇ ಉಳಿಯಿತು. ಊರಿನ ಜನಸಂಖ್ಯೆ 90,000ದ ಆಸುಪಾಸು, ಅದರ ವಿಶ್ವವಿದ್ಯಾಲಯದಲ್ಲಿ ಓದುವವರೇ 25,000ಕ್ಕೂ ಹೆಚ್ಚು. ಆ ವಿಶ್ವವಿದ್ಯಾಲಯ ಶುರುವಾದದ್ದು 1477ರಲ್ಲಿ. ನಮ್ಮಲ್ಲಿ ಆಗ ವಿಜಯನಗರದ ಕಾಲ, ಕೃಷ್ಣದೇವರಾಯ ಪಟ್ಟಕ್ಕೆ ಬರಲು ಇನ್ನೂ ಮೂವತ್ತೆರಡು ವರ್ಷವಿತ್ತು.

ಪೇಟೆಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಪುರಸಭೆಯ ಕಟ್ಟಡದ ಮೇಲಿನ ಖಗೋಳ ಗಡಿಯಾರ 1511ರದ್ದು. ಅದರ ಮುಳ್ಳುಗಳು ಏನೇನು ಹೇಳುತ್ತವೆ ಅಂತ ತಿಳಿಯಬೇಕೆಂದರೆ ನೆರಳು ಬೇಕು, ಅಲ್ಲಿ ನೆರಳಿರಲಿಲ್ಲ. ಊಟಕ್ಕೆ ಬೇಳೆ ಮತ್ತು ಷ್ಪೆಟ್ಸ್‌ಲೆ ತರಿಸಿದೆವು, ಸಾಸೇಜು ಬೇಡ ಅಂತ ಹೇಳಿ. ಷ್ಪೆಟ್ಸ್‌ಲೆ ಅಂದರೆ ಹಿಟ್ಟನ್ನು ಕುದಿವ ನೀರಿಗೆ ಕೆರೆದು ಹಾಕಿ ಮಾಡುವ ಸಣ್ಣ ಸಣ್ಣ ತುಣುಕು. ಬೇಳೆಗೆ ಸ್ವಲ್ಪ ಹುಳಿ ಹಾಕಿರುತ್ತಾರೆ. ಮನೆಯ ರುಚಿ ಅಂತ ಹೇಳಲಾರೆ, ಆದರೆ ಹೊಟ್ಟೆಗೆ ಅದು ಪರಕೀಯ ಅನ್ನಿಸುವುದಿಲ್ಲ. ಈ ಷ್ವಾಬನ್ ಸೀಮೆಯ ಜನ ಚಿಕ್ಕದಕ್ಕೆ, ಮುದ್ದಿನದಕ್ಕೆಲ್ಲ ಕೊನೆಗೊಂದು 'ಲೆ' ಸೇರಿಸುತ್ತಾರೆ. ಮನೆ ಹೊಯ್ಸ್‌ಲೆ ಆಗುತ್ತದೆ, ಓಣಿ ಗೆಸ್‌ಲೆ ಆಗುತ್ತದೆ. ಪಕ್ಕದ ಮೇಜಿನ ಅಜ್ಜಿ ಮೊಮ್ಮಗನಿಗೆ ಹೇಳುತ್ತಿದ್ದ ಮಾತುಗಳ ತುದಿಯಲ್ಲಿ ಆ ಲೆ, ಲೆ, ಲೆ ಕೇಳುತ್ತ, ಧಾರವಾಡದಲ್ಲಿ ಓರಗೆಯವರು ಒಬ್ಬರನ್ನೊಬ್ಬರು 'ಲೇ' ಅಂತ ಕೂಗುವುದು ನೆನಪಾಯಿತು. ಎರಡಕ್ಕೂ ಯಾವ ಸಂಬಂಧವೂ ಇಲ್ಲ, ಗೊತ್ತು. ಆದರೂ ಕಿವಿಗೆ ತಂಪಾಯಿತು.

ಮರದ ಪೇಟೆ ಅನ್ನುವ ಚೌಕದಲ್ಲಿ, ದೊಡ್ಡ ಚರ್ಚಿನ ಎದುರಿಗೆ, ಜರ್ಮನ್ ಕಾದಂಬರಿಕಾರ ಹರ್ಮನ್ ಹೆಸ್ಸೆ 1895ರಿಂದ 1899ರವರೆಗೆ ಕೆಲಸ ಕಲಿತು ದುಡಿದ ಪುಸ್ತಕದಂಗಡಿ ಇದೆ. ಹೆಸ್ಸೆಯ ತಾಯಿ ಹುಟ್ಟಿದ್ದು ತಲಶ್ಶೇರಿಯಲ್ಲಿ. ತಾಯಿಯ ತಂದೆ ಹರ್ಮನ್ ಗುಂಡರ್ಟ್ ಮಲಯಾಳಂ ನಿಘಂಟು ಮಾಡಿದವರು, ಅದು ಅಚ್ಚಾದದ್ದು 1872ರಲ್ಲಿ, ಮಂಗಳೂರಿನಲ್ಲಿ. "ಎಲ್ಲ ನಮ್ಮ ಊರಿಗೇ ಬಂದು ಮುಟ್ಟುತ್ತದಲ್ಲ ಮಾರಾಯ್ತಿ" ಅಂತ ಮಂಗಳೂರಿನ ಗೆಳತಿ ಹಿಗ್ಗಿದಳು. ಅವಳ ಮಾತು ಎಷ್ಟು ನಿಜ ಅನ್ನುವುದು ಮುಂದಿನ ಎರಡು ತಾಸಿನಲ್ಲಿ ತಿಳಿಯಿತು.

ಚರ್ಚಿನಿಂದ ಇಳಿಜಾರಿನ ಓಣಿ ಹಿಡಿದರೆ ಷ್ಟಿಫ್ಟ್ ಸಿಗುತ್ತದೆ. ಹಳೆಯ ಮಠದ ಕಟ್ಟಡದಲ್ಲಿರುವ, 1536ರಲ್ಲಿ ಶುರುವಾದ, ಧರ್ಮಶಾಸ್ತ್ರ ಓದುವ ಹುಡುಗರ ವಸತಿಶಾಲೆ. ಖಗೋಳ ವಿಜ್ಞಾನಿ ಕೆಪ್ಲರ್ ಇಲ್ಲಿ ಓದಿದ. ತತ್ವಜ್ಞಾನಿಗಳಾದ ಹೆಗೆಲ್, ಷೆಲ್ಲಿಂಗ್, ಕವಿ ಹೋಲ್ಡರ್ಲಿನ್ ಮೂವರೂ ಇಲ್ಲಿ ಜೊತೆಗಿದ್ದರು. ಜನ ನೋಡಲು ಬರುವುದು ಅವರ ಹೆಸರು ಕೇಳಿ. ನಾನು ಅಂಗಳದಲ್ಲಿ ನಿಂತು ನೆನೆದದ್ದು ಇನ್ನೊಬ್ಬರನ್ನು. 1830ರ ಆಸುಪಾಸಿನಲ್ಲಿ ಇಲ್ಲಿ ಓದುತ್ತಿದ್ದ ಹರ್ಮನ್ ಮೋಗ್ಲಿಂಗ್. 1836ರಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯ ಕಡೆಯಿಂದ ಮಂಗಳೂರಿಗೆ ಬಂದು, 1843ರ ಜುಲೈ 1ರಂದು 'ಮಂಗಳೂರು ಸಮಾಚಾರ' ಹೊರಡಿಸಿದವರು. ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನಲ್ಲಿ ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ನಮ್ಮಲ್ಲಿ ಜುಲೈ 1 ಪತ್ರಿಕಾ ದಿನವಾದದ್ದು ಅದರಿಂದ.

ಷ್ಟಿಫ್ಟ್‌ನಿಂದ ಕೂಗಳತೆಯಲ್ಲಿ, ನದಿಗೆ ಆತು ನಿಂತ ಹಳದಿ ಗೋಪುರ. ಹೋಲ್ಡರ್ಲಿನ್ ಗೋಪುರ. ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡ ಕವಿಯನ್ನು 1806ರಲ್ಲಿ ಈ ಊರಿನ ಆಸ್ಪತ್ರೆಗೆ ತಂದರು. ಮರುವರ್ಷ ಬಿಡುಗಡೆ ಮಾಡುವಾಗ, ಇನ್ನು ಮೂರು ವರ್ಷ ಬದುಕಿದರೆ ಹೆಚ್ಚು ಅಂದಿದ್ದರಂತೆ. ಅವನ ಬರಹ ಓದಿ ಮೆಚ್ಚಿದ್ದ ಎರ್ನ್ಸ್ಟ್ ಝಿಮ್ಮರ್ ಎಂಬ ಬಡಗಿ ಮನೆಗೆ ಕರೆದುಕೊಂಡು ಬಂದ. ಕವಿ ಅಲ್ಲಿ 36 ವರ್ಷ ಬದುಕಿದ. ಬಡಗಿ ತೀರಿಕೊಂಡ ಮೇಲೆ ಅವನ ಮಗಳು ಲೋಟೆ ನೋಡಿಕೊಂಡಳು. ನನಗೆ ಆ ಗೋಪುರದಲ್ಲಿ ಕವಿಗಿಂತ ಹೆಚ್ಚಾಗಿ ಕಂಡವರು ಈ ಅಪ್ಪ, ಮಗಳು. ಮರ ಕೊಯ್ಯುವ ಕೈ ಒಂದು ಪುಸ್ತಕ ಓದಿದ್ದಕ್ಕೆ ಒಂದು ಜೀವ 36 ವರ್ಷ ಉಳಿಯಿತು. ನೋಡಲು ಬಂದವರು ಪದ್ಯ ಬೇಕೆಂದು ಕೇಳಿದರೆ ಹೋಲ್ಡರ್ಲಿನ್ ಬರೆದು ಕೊಡುತ್ತಿದ್ದ. ವಸಂತದ ಮೇಲೆ, ಬೇಸಿಗೆಯ ಮೇಲೆ. ಕೆಳಗೆ ತನ್ನ ಹೆಸರಿನ ಬದಲು 'ಸ್ಕಾರ್ಡನೆಲ್ಲಿ' ಅಂತ ಸಹಿ, ಯಾವುದೋ ಶತಮಾನದ ತಾರೀಖು. ಕಿಟಕಿಯಲ್ಲಿ ನಿಂತರೆ ಕೆಳಗೆ ನೀರು, ಆಚೆ ನಡುಗಡ್ಡೆಯ ಮೇಲೆ ಪ್ಲೇನ್ ಮರಗಳ ಸಾಲು, ತಡೆತಡೆದು ಬೀಸುವ ಗಾಳಿ. ಅವನು ಕಂಡ ಬೇಸಿಗೆಯೂ ಇದೇ.

ಆ ಕೋಣೆಯಲ್ಲಿ ನಿಂತಿದ್ದಾಗ ತಾರೀಖಿನ ಮೇಲೆ ಕಣ್ಣು ಬಿತ್ತು. ಹೋಲ್ಡರ್ಲಿನ್ ತೀರಿಕೊಂಡದ್ದು 1843ರ ಜೂನ್ 7. ಬೆರಳೆಣಿಸಿದೆ. ಇಲ್ಲಿ ಕವಿಯ ಉಸಿರು ನಿಂತ 24 ದಿನಕ್ಕೆ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ಕೈಗೆ ಬಂತು. ಅದನ್ನು ತಂದವರು ತಮ್ಮ ಓದಿನ ದಿನಗಳಲ್ಲಿ ಇದೇ ಗೋಪುರದ ಕೂಗಳತೆಯಲ್ಲಿ ಇದ್ದವರು. ಗೆಳತಿಯನ್ನು ಕರೆದು ಹೇಳಿದೆ. ಅವಳು ಏನೂ ಮಾತಾಡದೆ ನನ್ನ ಮೊಣಕೈ ಹಿಡಿದುಕೊಂಡಳು.

ಮೋಗ್ಲಿಂಗ್, ಗುಂಡರ್ಟ್, ಕಿಟೆಲ್ ಎಲ್ಲ ನಮ್ಮಲ್ಲಿಗೆ ಬಂದದ್ದು ಧರ್ಮ ಪ್ರಚಾರಕ್ಕೆ. ಅದನ್ನು ಮುಚ್ಚಿಡಬೇಕಾಗಿಲ್ಲ. ನಮ್ಮ ದೇವರುಗಳ ಬಗ್ಗೆ ಅವರಿಗೆ ಗೌರವ ಇತ್ತೆಂದೂ ನಾನು ಹೇಳುವುದಿಲ್ಲ. ಆದರೆ ಒಬ್ಬ ಮನುಷ್ಯ ಇನ್ನೊಬ್ಬರ ಮಾತನ್ನು ವರ್ಷಗಟ್ಟಲೆ ಕಿವಿಗೊಟ್ಟು ಕೇಳಿದರೆ, ಬಂದ ಉದ್ದೇಶವೊಂದೇ ಉಳಿಯುವುದಿಲ್ಲ, ಕೇಳಿದ್ದೂ ಒಳಗೆ ಉಳಿಯುತ್ತದೆ. ಮೋಗ್ಲಿಂಗ್ ದಾಸರ ಪದಗಳನ್ನು ಹುಡುಕಿ 1850ರಲ್ಲಿ ಅಚ್ಚು ಹಾಕಿಸಿದರು. ಬಸವಪುರಾಣ, ಜೈಮಿನಿ ಭಾರತ ಕಲ್ಲಚ್ಚಿನಲ್ಲಿ ಬಂದವು. ಆ ಕೆಲಸಕ್ಕಾಗಿ 1858ರಲ್ಲಿ ಇದೇ ಊರಿನ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಕೊಟ್ಟಿತು.

ಮಧ್ಯಾಹ್ನದ ಬಿಸಿಲಿನಲ್ಲೇ ಕೋಟೆ ಹತ್ತಿದೆವು. ಗುಡ್ಡದ ಮೇಲಿನ ಈ ಕೋಟೆಯ ಅಡುಗೆಮನೆಯಲ್ಲಿ ಒಂದು ಕಾಲಕ್ಕೆ ರಸಾಯನಶಾಸ್ತ್ರದ ಪ್ರಯೋಗಶಾಲೆ ಇತ್ತು. 1869ರಲ್ಲಿ ಫ್ರೀಡ್ರಿಶ್ ಮೀಷರ್ ಎಂಬ ತರುಣ, ಆಸ್ಪತ್ರೆಯಿಂದ ಬರುತ್ತಿದ್ದ ಗಾಯದ ಪಟ್ಟಿಗಳ ಕೀವಿನಿಂದ ಒಂದು ವಸ್ತುವನ್ನು ಬೇರ್ಪಡಿಸಿ ಅದಕ್ಕೆ ನ್ಯೂಕ್ಲೈನ್ ಅಂತ ಹೆಸರಿಟ್ಟ. ನಾವು ಇಂದು ಡಿಎನ್ಎ ಅನ್ನುವುದು ಅದನ್ನೇ. ಮೈಸೂರಿನ ಗೆಳೆಯ ಇದನ್ನು ಮಗಳಿಗೆ ಹೇಳುತ್ತಿದ್ದ. ಅವಳ ಕಣ್ಣು ಮಾತ್ರ ಅಲ್ಲೇ ವಸ್ತುಸಂಗ್ರಹಾಲಯದಲ್ಲಿದ್ದ ಪುಟ್ಟ ಕುದುರೆಯ ಮೇಲೆ. ಮ್ಯಾಮತ್ ದಂತದಲ್ಲಿ ಕೊರೆದದ್ದು, ಉದ್ದ 4.8 ಸೆಂಟಿಮೀಟರ್, ಸುಮಾರು 40,000 ವರ್ಷ ಹಳೆಯದು. 1931ರಲ್ಲಿ ಫೋಗಲ್‌ಹೆರ್ಡ್ ಗವಿಯಲ್ಲಿ ಸಿಕ್ಕಿದ್ದು. ಕಾಲುಗಳು ಮುರಿದು ಹೋಗಿವೆ. ಕತ್ತು ಮಾತ್ರ ಇನ್ನೂ ಹೇಗೆ ಬಾಗಿದೆ ಅಂದರೆ, ಅದನ್ನು ಕೊರೆದವರ ಹೆಬ್ಬೆರಳು ಅಲ್ಲಿ ಸಾವಿರ ಸಲ ಸವರಿರಬೇಕು ಅನ್ನಿಸಿತು.

ಕೋಟೆಯ ಗೋಡೆಯಿಂದ ನೋಡಿದರೆ ಊರೆಲ್ಲ ಕೆಂಪು ಹಂಚು. "ಇದು ನಮ್ಮ ಹಂಚಲ್ಲ" ಅಂದಳು ಗೆಳತಿ. ಇಲ್ಲಿಯದು ತುದಿಯಲ್ಲಿ ಉರುಟಾದ ಚಪ್ಪಟೆ ಹಂಚು, ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು. ಮಂಗಳೂರು ಹಂಚು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತದೆ. ಆ ಹಂಚಿನ ಕೈಗಾರಿಕೆಯನ್ನೂ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ 1865ರಲ್ಲಿ ಶುರು ಮಾಡಿದ್ದು ಬಾಸೆಲ್ ಮಿಶನ್ನಿನವರೇ. ಅವಳ ಅಜ್ಜಿಮನೆಯ ಹಂಚಿನ ಹೊಟ್ಟೆಯ ಮೇಲೆ ಕಂಪನಿಯ ಹೆಸರು, 1865 ಅಂತ ಇಸವಿ ಒತ್ತಿದ್ದು ಇತ್ತಂತೆ. ಮಲಗಿ ಮೇಲೆ ನೋಡುತ್ತಾ, ಮನೆ ಅಷ್ಟು ಹಳೆಯದು ಅಂತ ತಿಳಿದಿದ್ದಳಂತೆ. ಮಳೆಗಾಲದಲ್ಲಿ ಹಂಚಿನ ಸಂದಿನಿಂದ ನೀರು ತೊಟ್ಟಿಕ್ಕುವುದು, ಅಜ್ಜಿ ಪಾತ್ರೆ ಇಡುವುದು, ಆ ಟಣ್ ಟಣ್ ಸದ್ದು. ಬಿಸಿಲಲ್ಲಿ ನಿಂತು ಅವಳು ಮಳೆಯನ್ನು ಹೇಳುತ್ತಿದ್ದಳು.

ದೋಣಿ ಹತ್ತಿದಾಗ ಐದೂವರೆ. ಷ್ಟೋಖರ್‌ಕಾನ್ ಅಂತಾರೆ ಇದಕ್ಕೆ. ಉದ್ದ, ಕಿರಿದು, ತಳ ಚಪ್ಪಟೆ. ಎಂಜಿನ್ನಿಲ್ಲ, ಹುಟ್ಟಿಲ್ಲ. ಹಿಂದಿನ ತುದಿಯಲ್ಲಿ ಒಬ್ಬರು ನಿಂತು ಸುಮಾರು ಏಳು ಮೀಟರ್ ಉದ್ದದ ಮರದ ಕೋಲನ್ನು ನದಿಯ ತಳಕ್ಕೆ ಊರಿ ನೂಕುತ್ತಾರೆ. ನಮ್ಮ ಅಂಬಿಗ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಬೇಸಿಗೆಯಲ್ಲಿ ಖರ್ಚಿಗೆ ಈ ಕೆಲಸ. ಜೂನ್‌ನಲ್ಲಿ ಈ ದೋಣಿಗಳ ಪಂದ್ಯ ನಡೆಯುತ್ತದಂತೆ. ಕೊನೆಗೆ ಬಂದ ತಂಡದವರು ತಲಾ ಅರ್ಧ ಲೀಟರ್ ಮೀನೆಣ್ಣೆ ಕುಡಿಯಬೇಕು. ಅದನ್ನು ಕೇಳಿ ಪುಟ್ಟಿ ಮುಖ ಕಿವುಚಿದಳು.

ನೀರಿನ ಮೇಲೆ ಮರದ ನೆರಳು ಬಿದ್ದ ಕಡೆ ಗಾಳಿಯೇ ಬೇರೆ. ಎಲ್ಲರೂ ಸುಮ್ಮನಾದೆವು. ಕೋಲು ಮೇಲೇಳುವಾಗ ಅದರ ಮೈಯಿಂದ ನೀರು ಇಳಿಯುವ ಸದ್ದು, ಮತ್ತೆ ಊರಿದಾಗ ತಳದ ಗರಸಿನಲ್ಲಿ ಕರಕ್ ಅನ್ನುವುದು, ಇಷ್ಟೇ. ಆಗ ಮೈಸೂರಿನ ಗೆಳೆಯ ಕೇಳಿದ: "ಈ ಕೋಲಿಗೆ ಕನ್ನಡದಲ್ಲಿ ಏನನ್ನಬೇಕು?" ತಾನೇ, "ಗಳ ಅಂತಲ್ವಾ? ಅಜ್ಜಿ ಮನೇಲಿ ಬಟ್ಟೆ ಹರವೋ ಬಿದಿರಿಗೆ ಗಳ ಅಂತಿದ್ರು" ಅಂದ. ನಮ್ಮ ಕಡೆ ಗಳೆ ಅಂದರೆ ಹೊಲದ ಮಾತು. ಗಳೆ ಹೊಡೆಯೋದು ಅಂದರೆ ನೇಗಿಲು ಹೊಡೆಯೋದು. ಗೆಳತಿ ಅಂದಳು: "ನಾವು ಕೋಲು ಅಂತಲೇ ಹೇಳುವುದು. ದೋಣಿಗೆ ಹುಟ್ಟು ಇರುತ್ತದೆ, ಕೋಲು ಇರುತ್ತದೆ, ಮತ್ತೆಂತ ಬೇಕು?"

ಕೋಶದ ಸ್ಕ್ಯಾನ್ ಮಾಡಿದ ಪ್ರತಿ ನನ್ನ ಫೋನಿನಲ್ಲಿದೆ. ತೆಗೆದೆ. ಬಿಸಿಲಿಗೆ ಪರದೆ ಕಾಣದೆ, ಸೆರಗಿನಿಂದ ಮರೆಮಾಡುವ ಹಾಗೆ ದುಪಟ್ಟಾ ಅಡ್ಡ ಹಿಡಿದು ನೋಡಬೇಕಾಯಿತು. ಗಳ, ಗಳು, ಗಳೆ. ಬಿದಿರಿನ ಕೋಲು. ಮೂರೂ ಇದ್ದವು.

ಈ ಊರು ಕಿಟೆಲ್ಲರ ಹುಟ್ಟೂರಲ್ಲ. ಅವರು ಹುಟ್ಟಿದ್ದು 1832ರಲ್ಲಿ, ಜರ್ಮನಿಯ ವಾಯವ್ಯ ತುದಿಯ ಕಡಲ ಸೀಮೆಯಲ್ಲಿ. 1853ರಲ್ಲಿ ನಮ್ಮಲ್ಲಿಗೆ ಬಂದರು. ಕೇಶಿರಾಜನ ಶಬ್ದಮಣಿದರ್ಪಣವನ್ನು, ನಾಗವರ್ಮನ ಛಂದಸ್ಸನ್ನು ಶೋಧಿಸಿ ಪ್ರಕಟಿಸಿದರು. ಒಮ್ಮೆ ಜರ್ಮನಿಗೆ ಮರಳಿದವರು ಕೋಶದ ಕೆಲಸಕ್ಕೆಂದು ಮತ್ತೆ ಬಂದರು. ಮಂಗಳೂರು, ಧಾರವಾಡ, ಮಡಿಕೇರಿ, ಎಲ್ಲ ಕಡೆ ಇದ್ದರು. ಸುಮಾರು 70,000 ಶಬ್ದಗಳ ಕೋಶ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೂ ಡಾಕ್ಟರೇಟ್ ಕೊಟ್ಟಿತು. ಕನ್ನಡ ವ್ಯಾಕರಣದ ಪುಸ್ತಕ 1903ರಲ್ಲಿ ಬಂತು. ಅದೇ ವರ್ಷ ಡಿಸೆಂಬರ್‌ನಲ್ಲಿ, ಇದೇ ಊರಿನಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಈ ನದಿಯ ದಂಡೆಗೆ ಬಂದಾಗ, ಈ ಕೋಲನ್ನು ಕಂಡಾಗ, ಅವರ ಬಾಯಿಗೆ ಮೊದಲು ಬಂದ ಶಬ್ದ ಯಾವುದಿರಬಹುದು ಅಂತ ಯೋಚಿಸುತ್ತಾ ಕೂತೆ.

ಆಮೇಲೆ ಅನ್ನಿಸಿತು. ಅವರು ಇದ್ದಿದ್ದರೆ ಕೂತು ಯೋಚಿಸುತ್ತಿರಲಿಲ್ಲ, ಕೇಳುತ್ತಿದ್ದರು. ನಾನು ಐದು ವರ್ಷ ಈ ಸೀಮೆಯಲ್ಲಿದ್ದೇನೆ. ಆಫೀಸಿಗೆ ಬೇಕಾದಷ್ಟು, ಅಂಗಡಿಗೆ ಬೇಕಾದಷ್ಟು ಜರ್ಮನ್ ಬರುತ್ತದೆ. ಒಂದು ಶಬ್ದವನ್ನು ಅದರ ಮೇಲಿನ ಆಸೆಗಾಗಿ ಯಾರನ್ನೂ ಕೇಳಿದ್ದಿಲ್ಲ. ತಿರುಗಿ ಅಂಬಿಗನನ್ನು ಕೇಳಿದೆ, ಈ ಕೋಲಿಗೆ ಏನಂತೀರಿ? "ಷ್ಟಾಂಗೆ." ಷ್ಟೋಖರ್ನ್ ಅಂದರೆ? ಅವನು ಒಂದು ಕ್ಷಣ ಕೋಲು ನಿಲ್ಲಿಸಿದ. ಊಟದ ತಟ್ಟೆಯಲ್ಲಿ ತಿನ್ನದೆ ಮುಳ್ಳುಚಮಚ ಆಡಿಸುತ್ತಾ ಕೂತರೆ ನನ್ನ ಅಜ್ಜಿ ಬೈಯುತ್ತಾಳಲ್ಲ, ಅದು ಷ್ಟೋಖರ್ನ್, ಅಂದ. "ಓ, ಕೆದಕೋದು!" ಅಂತ ಗೆಳೆಯ ಕೂಗಿದ. "ಅನ್ನ ಕೆದಕಬೇಡ ಅಂತ ನಮ್ಮಮ್ಮ ದಿನಾ ಹೇಳೋರು." ಅಂಬಿಗನಿಗೆ ಅದನ್ನು ಕಲಿಸಿದೆವು. ಕೆದಕು. ಅವನು ಕೋಲನ್ನು ಊರುತ್ತಾ ಎರಡು ಮೂರು ಸಲ ಹೇಳಿ ನೋಡಿದ. ದ ಸ್ವಲ್ಪ ಗಟ್ಟಿಯಾಯಿತು.

ಪುಟ್ಟಿ ಅಷ್ಟು ಹೊತ್ತೂ ದೋಣಿಯ ಅಂಚಿಗೆ ಗದ್ದ ಊರಿ ನೀರು ನೋಡುತ್ತಿದ್ದಳು. ದೋಣಿ ಗೋಪುರದ ಕೆಳಗೆ ಬಂದಾಗ ಕೈಯನ್ನು ಮಣಿಕಟ್ಟಿನವರೆಗೆ ಮುಳುಗಿಸಿದಳು. ಬೆರಳ ಸಂದಿನಲ್ಲಿ ನೀರು ನಾಲ್ಕು ಗೆರೆಯಾಗಿ ಸೀಳಿತು. ಯಾರನ್ನೂ ನೋಡದೆ, ಯಾರೂ ಕೇಳದೆ, ಹೇಳಿದಳು:

"ತಣ್ಣಗೈತಿ."

ಬೆಳಿಗ್ಗೆ ರೈಲಿನಲ್ಲಿ ನಾನು ನೀರಿನ ಬಾಟಲಿ ಕೊಡುವಾಗ ಅಂದ ಮಾತು ಅದು. ಹಾಗೇ, ನನ್ನ ರಾಗದಲ್ಲೇ. ಅವಳಪ್ಪ ಅಲುಗಾಡಲಿಲ್ಲ. ಅಲುಗಾಡಿದರೆ ಆ ಮಾತು ಹಾರಿಹೋಗುತ್ತದೇನೋ ಅನ್ನುವ ಹಾಗೆ ಕೂತಿದ್ದ. ಆಮೇಲೆ ಮೆಲ್ಲಗೆ, "ತಣ್ಣಗಿದೆ ಅಂತಾರೆ ಕಂದ" ಅಂದ. ಗೆಳತಿ ಬಿಡುತ್ತಾಳೆಯೇ. "ತಂಪುಂಟು ಅಂತ ಹೇಳು ಪುಟ್ಟಿ." ಮೂರನ್ನೂ ಕೇಳಿಸಿಕೊಂಡು ಪುಟ್ಟಿ ಇನ್ನೊಮ್ಮೆ ಕೈ ಅದ್ದಿ, "ಇಲ್ಲ. ತಣ್ಣಗೈತಿ" ಅಂದಳು. ಇಲ್ಲ ಅನ್ನುವುದನ್ನೂ ಕನ್ನಡದಲ್ಲೇ ಅಂದಳು.

ರಾತ್ರಿ ಒಂಬತ್ತು ಗಂಟೆಯಾದರೂ ಬೆಳಕು ಹೋಗಿರಲಿಲ್ಲ. ನಾವೂ ನದಿಯ ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದೆವು. ಪುಟ್ಟಿಯ ಕೈಯಲ್ಲಿ ಐಸ್‌ಕ್ರೀಮು ಕರಗಿ ಮೊಣಕೈವರೆಗೆ ಇಳಿದಿತ್ತು. ಅಜ್ಜನ ಕೋಶದ ಗುರುತುಗಳ ಕತೆಯನ್ನು ಅವಳಿಗೆ ಹೇಳಿದೆ. ಯಾವ ಮಾತು ಯಾವ ಊರಿನದು ಅಂತ ಸಾಹೇಬರು ಪಕ್ಕದಲ್ಲಿ ಬರೆದಿಟ್ಟಿದ್ದನ್ನು. ಬರೆದು ತೋರಿಸು ಅಂದಳು. ದೋಣಿಯ ಚೀಟಿಯ ಹಿಂದೆ 'ತಣ್ಣಗೈತಿ' ಅಂತ ಬರೆದು, ಮುಂದೆ 'ಧಾ.' ಅಂತ ಹಾಕಿದೆ. ಅವಳಪ್ಪ ಪೆನ್ನು ಇಸಿದುಕೊಂಡ. 'ಧಾ.' ಪಕ್ಕದಲ್ಲಿ ಒಂದು ಅಲ್ಪವಿರಾಮ ಇಟ್ಟು, 'ಟ್ಯೂ.' ಅಂತ ಸೇರಿಸಿ, ಚೀಟಿಯನ್ನು ಮಗಳ ಕೈಗೆ ಕೊಟ್ಟ.